ಹೋರಾಟಕ್ಕೂ ವಿಮೆ ಬೇಕೇ?

ನಮ್ಮ ಊರಿನ ಗುಡ್ಡೆಯಲ್ಲಿ ಕಗ್ಗಲ್ಲಿನ ಕೋರೆ ಸುರುವಾದ ಮೇಲೆ ಬಾವಿಗಳ ನೀರು ಕೆಳಗೆ ಹೋಯಿತು, ಕೆಲವು ಮನೆಗಳ ಗೋಡೆ ಬಿರುಕು ಬಿಟ್ಟಿತು. ಆಗ ನಾವು ಒಂದು ಸಮಿತಿ ಮಾಡಿದೆವು. ಶಾಲೆಯಿಂದ ನಿವೃತ್ತನಾಗಿ ಮನೆಯಲ್ಲಿ ಕೂತಿದ್ದ ನನ್ನನ್ನು ಕಾರ್ಯದರ್ಶಿ ಮಾಡಿದರು. ವಿದ್ಯಾನಗರದ ಕಲೆಕ್ಟರೇಟಿನ ಎದುರು ಒಂದು ದಿನ ಧರಣಿ ಕೂರುವುದೆಂದು ಇದೇ ವಾಚನಾಲಯದಲ್ಲಿ ಸಭೆ ಸೇರಿ ತೀರ್ಮಾನಿಸಿದೆವು. ಊರಿನ ಮೂವರು ತಮ್ಮ ಜೀಪುಗಳನ್ನು ಬಾಡಿಗೆ ಇಲ್ಲದೆ ಕೊಡುತ್ತೇವೆಂದರು.

ಆ ಸಭೆಯಲ್ಲಿ ವಿಮೆಯ ಏಜೆಂಟರೊಬ್ಬರು ಎದ್ದು ನಿಂತು, "ಮಾಷ್ಟ್ರೇ, ಆ ಜೀಪುಗಳಿಗೆ ಎಂತ ಇನ್ಶೂರೆನ್ಸ್ ಉಂಟು ಅಂತ ಒಮ್ಮೆ ನೋಡಿದ್ದೀರಾ?" ಎಂದು ಕೇಳಿದರು. ನಾನು, "ಗಾಂಧೀಜಿ ದಂಡಿಗೆ ಹೊರಡುವಾಗ ಇನ್ಶೂರೆನ್ಸ್ ಮಾಡಿಸಿದ್ದರಾ ಮಾರಾಯ್ರೆ?" ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕು ಕೂತರು. ನನಗೆ ಆಗ ದೊಡ್ಡ ಮಾತು ಹೇಳಿದ ಹಾಗೆ ಅನಿಸಿತ್ತು.

ಧರಣಿ ಚೆನ್ನಾಗಿಯೇ ಆಯಿತು. ಹಿಂದೆ ಬರುವಾಗ ಮಳೆ. ಒಂದು ಜೀಪು ತಿರುವಿನಲ್ಲಿ ಜಾರಿ ತೋಡಿಗೆ ಇಳಿಯಿತು. ಒಳಗೆ ಏಳು ಜನ ಇದ್ದರು. ಆರು ಜನರಿಗೆ ತರಚು ಗಾಯ. ಬೀಡಿ ಕಟ್ಟಿ ಸಂಸಾರ ಸಾಗಿಸುವ ಒಬ್ಬ ಅಕ್ಕನ ಸೊಂಟದ ಎಲುಬು ಮುರಿಯಿತು. ಮಂಗಳೂರಿಗೆ ಕೊಂಡುಹೋಗಿ ಆಪರೇಶನ್ ಮಾಡಿಸಬೇಕಾಯಿತು. ನಾವು ಮನೆಮನೆಗೆ ಹೋಗಿ ಹಣ ಎತ್ತಿದೆವು. ಅದು ಆಸ್ಪತ್ರೆಯ ಬಿಲ್ಲಿನ ಮೂರರಲ್ಲಿ ಒಂದು ಪಾಲೂ ಆಗಲಿಲ್ಲ. ಉಳಿದದ್ದಕ್ಕೆ ಅವರ ಮಗಳ ಬಳೆ ಹೋಯಿತು.

ಜೀಪಿಗೆ ವಿಮೆ ಇರಲಿಲ್ಲವೆಂದಲ್ಲ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಮೂರನೆಯವರ ವಿಮೆ, ಅಂದರೆ ಥರ್ಡ್ ಪಾರ್ಟಿ, ಇಲ್ಲದೆ ಯಾವ ವಾಹನವನ್ನೂ ರಸ್ತೆಗೆ ಇಳಿಸುವಂತಿಲ್ಲ. ಅಷ್ಟು ಮಾತ್ರ ಅದಕ್ಕಿತ್ತು. ದಾರಿಯಲ್ಲಿ ನಡೆಯುವವನಿಗೆ ಪೆಟ್ಟಾದರೆ ಆ ವಿಮೆಯಿಂದ ಪರಿಹಾರ ಸಿಗುತ್ತದೆ. ಸ್ವಂತ ಬಳಕೆಯ ವಾಹನದಲ್ಲಿ ಪುಕ್ಕಟೆ ಕೂತು ಹೋದವರಿಗೆ ಅದರಿಂದ ಸಿಗುವುದಿಲ್ಲ. ಸುಪ್ರೀಂ ಕೋರ್ಟು 2006ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಸ್ವಲ್ಪ ಹೆಚ್ಚು ಕಟ್ಟಿ ಪ್ಯಾಕೇಜ್ ಪಾಲಿಸಿ ಮಾಡಿಸಿದ್ದರೆ ಬೇರೆ ಮಾತಿತ್ತು.

ವಕೀಲರು, "ಅಕ್ಕ ಬೇಕಾದರೆ ಜೀಪಿನ ಯಜಮಾನನ ಮೇಲೆ ಟ್ರಿಬ್ಯೂನಲಿನಲ್ಲಿ ಕೇಸು ಹಾಕಬಹುದು, ಆದರೆ ತೀರ್ಪಾದರೆ ಅವ ಕೈಯಿಂದ ಕೊಡಬೇಕಾದೀತು" ಎಂದರು. ನಾನು ಅಕ್ಕನ ಹತ್ತಿರ ಹೋಗಿ ಇದನ್ನು ಹೇಳಿದೆ. ಅವರು ಮಲಗಿದಲ್ಲಿಂದಲೇ, "ಎಂತ ಮಾಷ್ಟ್ರೇ ನೀವು ಹೇಳುವುದು? ಆ ಹುಡುಗ ಪೈಸೆ ತೆಗೊಳ್ಳದೆ ನಮ್ಮನ್ನು ಕರಕೊಂಡು ಹೋದದ್ದು. ಅವನ ಮೇಲೆ ಕೇಸು ಹಾಕಿ ನಾನು ಊರಲ್ಲಿ ಹೇಗೆ ಮುಖ ತೋರಿಸುವುದು?" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಆದರೆ ನನ್ನೊಳಗೆ ಅದು ಮುಗಿಯಲಿಲ್ಲ. ನಮ್ಮ ಒಗ್ಗಟ್ಟನ್ನು ಉಳಿಸಿದ್ದು ಅಕ್ಕ. ಅದಕ್ಕೆ ಬೆಲೆ ಕೊಟ್ಟದ್ದೂ ಅವರೇ, ತಮ್ಮ ಸೊಂಟದಿಂದ. ಈಗ ಅವರಿಗೆ ನೆಲದಲ್ಲಿ ಚಕ್ಕಳ ಹಾಕಿ ಕೂತು ಮೊರ ತೊಡೆಯ ಮೇಲೆ ಇಟ್ಟುಕೊಳ್ಳಲು ಆಗುವುದಿಲ್ಲ. ಕುರ್ಚಿಯಲ್ಲಿ ಕೂತು ಕಟ್ಟಿದರೆ ಮೊದಲಿನ ಅರ್ಧ ಬೀಡಿಯೂ ಆಗುವುದಿಲ್ಲ. ಸಭೆಯಲ್ಲಿ ನಕ್ಕ ನಮಗೆ ಯಾರಿಗೂ ಏನೂ ಆಗಲಿಲ್ಲ.

ಹಾಗಾಗಿ ಈ ಪ್ರಬಂಧದಲ್ಲಿ ಒಂದೇ ಪ್ರಶ್ನೆ. ನ್ಯಾಯಕ್ಕಾಗಿ ಹೊರಡುವ ಸಂಘವೊಂದು ತನಗೆ ವಿಮೆ ಮಾಡಿಸುವುದು ಧೈರ್ಯದ ಕೊರತೆಯೇ, ಅಥವಾ ಮಾಡಿಸದಿರುವುದೇ ಒಂದು ಬಗೆಯ ಅನ್ಯಾಯವೇ?

ಮೊದಲು ನಾನು ಹೇಳಿದ ಆ ಗಾಂಧೀಜಿಯ ಮಾತನ್ನೇ ನೋಡೋಣ. ಗಾಂಧೀಜಿಗೂ ವಿಮೆಗೂ ನಿಜವಾಗಿ ಒಂದು ಕಥೆ ಉಂಟು. ಅವರು ಮುಂಬಯಿಯಲ್ಲಿ ವಕೀಲಿ ಮಾಡುತ್ತಿದ್ದಾಗ ಅಮೆರಿಕದ ಏಜೆಂಟನೊಬ್ಬನ ಮಾತಿಗೆ ಒಪ್ಪಿ 10,000 ರೂಪಾಯಿಯ ಜೀವವಿಮೆ ಮಾಡಿಸಿದ್ದರು. ಮತ್ತೆ ದಕ್ಷಿಣ ಆಫ್ರಿಕಕ್ಕೆ ಹೋದ ಮೇಲೆ ಅವರ ಮನಸ್ಸು ಬದಲಾಯಿತು. ಲೋಕದ ಲೆಕ್ಕವಿಲ್ಲದ ಬಡವರ ಸಂಸಾರಗಳಿಗೆ ವಿಮೆ ಎಲ್ಲಿದೆ, ನಾನೂ ಅವರಲ್ಲಿ ಒಬ್ಬನೆಂದು ಯಾಕೆ ಎಣಿಸಬಾರದು, ಹೆಂಡತಿ ಮಕ್ಕಳು ತಮ್ಮ ಕಾಲ ಮೇಲೆ ನಿಲ್ಲುವುದನ್ನು ನಾನೇ ತಪ್ಪಿಸಿದ ಹಾಗಾಯಿತಲ್ಲ ಎಂದೆಲ್ಲ ಯೋಚಿಸಿ ಕಂತು ಕಟ್ಟುವುದನ್ನು ನಿಲ್ಲಿಸಿಬಿಟ್ಟರು. ಇದನ್ನು ಅವರು ಆತ್ಮಕಥೆಯಲ್ಲಿ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ.

ಹಾಗಾದರೆ ನನ್ನ ತಮಾಷೆ ಸರಿಯೇ? ಅಲ್ಲ. ಗಾಂಧೀಜಿ ಬಿಟ್ಟದ್ದು ತನ್ನ ಹೆಸರಿನ ಪಾಲಿಸಿಯನ್ನು. ಬೇರೆಯವರ ಎಲುಬಿನ ಮೇಲೆ ಅವರು ಆ ಧೈರ್ಯ ತೋರಿಸಲಿಲ್ಲ. ಅಲ್ಲಿಯೂ ಒಂದು ಸಂಶಯ ಇದೆ. ಆ ಪಾಲಿಸಿಯ ಹಣ ಬರಬೇಕಾದದ್ದು ಅವರಿಗಲ್ಲ, ಕಸ್ತೂರ್‌ಬಾ ಅವರಿಗೆ ಮತ್ತು ಮಕ್ಕಳಿಗೆ. ದೊಡ್ಡವರ ತ್ಯಾಗದಲ್ಲಿ ಎಷ್ಟೋ ಸಲ ಮನೆಯವರ ಪಾಲೂ ಸೇರಿರುತ್ತದೆ, ಅವರನ್ನು ಯಾರೂ ಕೇಳಿರುವುದಿಲ್ಲ. ಇದನ್ನು ಹೇಳುವುದರಿಂದ ಗಾಂಧೀಜಿ ಸಣ್ಣವರಾಗುವುದಿಲ್ಲ.

ದಂಡಿಯ ವಿಷಯವೂ ಹಾಗೆಯೇ. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟದ್ದು ಗಾಂಧೀಜಿ ಮತ್ತು 78 ಜನ. ಸಿಕ್ಕಿದವರನ್ನೆಲ್ಲ ಅವರು ಕರೆದುಕೊಂಡು ಹೋಗಲಿಲ್ಲ. ಆಶ್ರಮದ ಶಿಸ್ತಿನಲ್ಲಿ ಪಳಗಿದವರನ್ನು ಆರಿಸಿದರು. ಅವರ ಹೆಸರುಗಳನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಜೈಲು, ಪೆಟ್ಟು, ಸಾವು ಯಾವುದೂ ಬರಬಹುದೆಂದು ಪ್ರತಿಯೊಬ್ಬನಿಗೂ ಗೊತ್ತಿತ್ತು, ಗೊತ್ತಿದ್ದೇ ಹೊರಟರು. ನಾವು ಅಕ್ಕನಿಗೆ ಹೇಳಿದ್ದು ಏನು? "ಸಂಜೆ ಐದಕ್ಕೆ ಮನೆಗೆ ಮುಟ್ಟಿಸುತ್ತೇವೆ" ಎಂದು. ಅಪಾಯವನ್ನು ತಿಳಿದು ಎದುರಿಸುವವನಿಗೂ ತಿಳಿಯದೆ ಅದರಲ್ಲಿ ಕೂರುವವನಿಗೂ ಇರುವ ಅಂತರವನ್ನು ನಾನು ಆ ದಿನ ಒಂದು ನಗೆಯಲ್ಲಿ ಅಳಿಸಿಹಾಕಿದ್ದೆ.

ಗಾಂಧೀಜಿಯ ದಾರಿಯನ್ನೇ ಹಿಡಿದ ಇನ್ನೊಬ್ಬರು ಇದೇ ಪ್ರಶ್ನೆಗೆ ಬೇರೆ ರೀತಿಯಲ್ಲಿ ಉತ್ತರ ಕೊಟ್ಟರು. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ಪಟ್ಟಣದಲ್ಲಿ 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಕಪ್ಪು ಜನಾಂಗದ ಹೆಂಗಸು ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡದೆ ಬಂಧನಕ್ಕೆ ಒಳಗಾದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಡಿಸೆಂಬರ್ 5ರಿಂದ ಅಲ್ಲಿಯ ಕಪ್ಪು ಜನರು ಬಸ್ಸು ಹತ್ತುವುದನ್ನೇ ಬಿಟ್ಟರು. ಅಂದೇ ಒಂದು ಸಂಘ ಹುಟ್ಟಿತು. 26 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಅದರ ಅಧ್ಯಕ್ಷರಾದರು. ಬಹಿಷ್ಕಾರ 381 ದಿನ ನಡೆಯಿತು.

ಇಷ್ಟು ದಿನ ಜನ ಕೆಲಸಕ್ಕೆ ಹೋದದ್ದು ಹೇಗೆ? ತುಂಬ ಜನ ನಡೆದರು. ಉಳಿದವರಿಗಾಗಿ ಸಂಘ ಸುಮಾರು 300 ಕಾರುಗಳನ್ನು ಹೊಂದಿಸಿ, ಹತ್ತಿಸುವ ಇಳಿಸುವ ಜಾಗಗಳನ್ನು ಗುರುತು ಮಾಡಿ, ಒಂದು ಬಸ್ ಕಂಪೆನಿಯ ಹಾಗೆಯೇ ನಡೆಸಿತು. ಆಮೇಲೆ ಚರ್ಚುಗಳ ಹೆಸರಿನಲ್ಲಿ ಹತ್ತಕ್ಕಿಂತ ಹೆಚ್ಚು ದೊಡ್ಡ ಸ್ಟೇಶನ್ ವ್ಯಾಗನ್‌ಗಳನ್ನು ತೆಗೆದರು. ಜನ ಅವುಗಳನ್ನು ಉರುಳುವ ಚರ್ಚುಗಳೆಂದು ಕರೆದರು.

ಈ ಹೋರಾಟವನ್ನು ಮುರಿಯಲು ಎದುರಾಳಿಗಳು ಎಲ್ಲ ರೀತಿಯಲ್ಲೂ ನೋಡಿದರು. 1956ರ ಜನವರಿ 30ರಂದು ಕಿಂಗ್ ಅವರ ಮನೆಗೆ ಬಾಂಬು ಬಿತ್ತು. ಫೆಬ್ರವರಿಯಲ್ಲಿ ಬಹಿಷ್ಕಾರ ವಿರೋಧಿ ಕಾನೂನಿನಡಿ ಎಂಬತ್ತಕ್ಕಿಂತ ಹೆಚ್ಚು ಜನರ ಮೇಲೆ ಮೊಕದ್ದಮೆ ಹೂಡಿದರು. ಬಾಂಬಿಗೂ ಜೈಲಿಗೂ ಜನ ಹೆದರಲಿಲ್ಲ. ಆಗ ಬಂದದ್ದು ಸದ್ದಿಲ್ಲದ ಒಂದು ಪೆಟ್ಟು. ಸ್ಟೇಶನ್ ವ್ಯಾಗನ್‌ಗಳ ವಿಮೆಯನ್ನು ಕಂಪೆನಿಗಳು ಮತ್ತೆ ಮತ್ತೆ ರದ್ದು ಮಾಡತೊಡಗಿದವು. ಅಪಾಯ ಹೆಚ್ಚು ಎಂಬುದು ಕಾರಣ. ವಿಮೆ ಇಲ್ಲದ ವಾಹನದಲ್ಲಿ ಜನರನ್ನು ಸಾಗಿಸುವುದು ಹೇಗೆ? ಗುಂಡಿಗೆ ಮಾಡದ್ದನ್ನು ಒಂದು ಕಾಗದ ಮಾಡುವುದರಲ್ಲಿತ್ತು.

ಕಿಂಗ್ ಅವರಿಗೆ, "ದೇವರಿದ್ದಾನೆ, ವಿಮೆ ಇಲ್ಲದೆಯೇ ಓಡಿಸಿ" ಎನ್ನಬಹುದಿತ್ತು. ಅವರು ಪಾದ್ರಿ, ಹಾಗೆ ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ. ಅವರು ಹಾಗೆ ಹೇಳಲಿಲ್ಲ. ಅಟ್ಲಾಂಟಾದ ಟಿ. ಎಂ. ಅಲೆಕ್ಸಾಂಡರ್ ಎಂಬ ಕಪ್ಪು ಜನಾಂಗದ ವಿಮಾ ಏಜೆಂಟರ ಬಾಗಿಲು ತಟ್ಟಿದರು. ಅಲೆಕ್ಸಾಂಡರ್ ಅಮೆರಿಕದಲ್ಲಿ ಸಿಗದ ವಿಮೆಯನ್ನು ಸಮುದ್ರದಾಚೆ ಲಂಡನ್ನಿನ ಲಾಯ್ಡ್ಸ್ ಮಾರುಕಟ್ಟೆಯಲ್ಲಿ ಮಾಡಿಸಿಕೊಟ್ಟರು. ಗಾಡಿಗಳು ಮತ್ತೆ ಓಡಿದವು.

ಹೆದರಿಕೆ ಇದ್ದವರು ವಿಮೆ ಮಾಡಿಸುತ್ತಾರೆ ಎಂದು ನಾವು ತಿಳಿಯುತ್ತೇವೆ. ಆದರೆ ಮನೆಗೆ ಬಾಂಬು ಬಿದ್ದ ಮೇಲೂ ಬಿಟ್ಟು ಹೋಗದ ಮನುಷ್ಯ ಹೆದರಿ ವಿಮೆ ಮಾಡಿಸಿದರೆಂದು ಹೇಳುವ ಹಾಗಿಲ್ಲ. ಆ ಗಾಡಿಗಳಲ್ಲಿ ಕೂರುತ್ತಿದ್ದವರು ಬಿಳಿಯರ ಮನೆಗಳಲ್ಲಿ ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಹೆಂಗಸರು. ಗಾಡಿ ಮಗುಚಿದರೆ ಅವರ ಗತಿ ಏನು, ದಾರಿಯಲ್ಲಿ ಹೋಗುವ ಮಗುವಿಗೆ ತಾಗಿದರೆ ಆ ಮನೆಯ ಗತಿ ಏನು? ತನ್ನ ಜೀವಕ್ಕೆ ಏನಾದರೂ ಆಗಲಿ ಎಂದು ಒಬ್ಬ ಹೇಳಬಹುದು. ಇನ್ನೊಬ್ಬರ ಜೀವಕ್ಕೆ ಏನಾದರೂ ಆಗಲಿ ಎಂದು ಹೇಳಲು ಯಾರಿಗೂ ಹಕ್ಕಿಲ್ಲ.

ಗಾಂಧೀಜಿ ವಿಮೆ ಬಿಟ್ಟದ್ದು ಮತ್ತು ಕಿಂಗ್ ವಿಮೆ ಹುಡುಕಿದ್ದು ಒಂದಕ್ಕೊಂದು ವಿರುದ್ಧವೆಂದು ನನಗೆ ಮೊದಲು ಅನಿಸಿತ್ತು. ಈಗ ಹಾಗೆ ಅನಿಸುವುದಿಲ್ಲ. ಒಬ್ಬರು ತನ್ನ ಪಾಲಿನ ಅಪಾಯದ ಮಾತಾಡಿದರು, ಇನ್ನೊಬ್ಬರು ಪರರ ಪಾಲಿನ ಅಪಾಯದ ಮಾತಾಡಿದರು.

ಇನ್ನು ಎದುರು ಮಾತುಗಳನ್ನೂ ಕೇಳಬೇಕು. ವಾಚನಾಲಯದಲ್ಲಿ ಇದನ್ನು ಚರ್ಚೆಗೆ ಇಟ್ಟಾಗ ಮೂರು ಆಕ್ಷೇಪಗಳು ಬಂದವು. ಮೂರರಲ್ಲೂ ಹುರುಳಿದೆ.

ಮೊದಲನೆಯದು, ವಿಮೆ ಎಂದರೆ ವ್ಯಾಪಾರ, ಅದಕ್ಕೂ ನ್ಯಾಯಕ್ಕೂ ಏನು ಸಂಬಂಧ ಎಂಬುದು. ಕೇಳಿದವರು ಹೈಸ್ಕೂಲಿನ ಚರಿತ್ರೆಯ ಟೀಚರು. ಅವರು ಹೇಳಿದ್ದು ಸುಳ್ಳಲ್ಲ. ಮಾಂಟ್‌ಗೊಮರಿಯ ಕಪ್ಪು ಜನರ ಗಾಡಿಗಳಿಗೆ ವಿಮೆ ಕೊಟ್ಟ ಅದೇ ಲಾಯ್ಡ್ಸ್ ಮಾರುಕಟ್ಟೆ ಹದಿನೆಂಟನೇ ಶತಮಾನದಲ್ಲಿ ಕಪ್ಪು ಜನರನ್ನು ಗುಲಾಮರಾಗಿ ಹೊತ್ತೊಯ್ಯುತ್ತಿದ್ದ ಹಡಗುಗಳ ವಿಮೆಯಲ್ಲಿ ಹಣ ಮಾಡಿತ್ತು. 2020ರಲ್ಲಿ ಅದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿತು. 1781ರಲ್ಲಿ ಜಾಂಗ್ ಎಂಬ ಬ್ರಿಟಿಷ್ ಹಡಗಿನಿಂದ 130ಕ್ಕಿಂತ ಹೆಚ್ಚು ಗುಲಾಮರನ್ನು ಜೀವಂತ ಸಮುದ್ರಕ್ಕೆ ಎಸೆದರು. ನೀರು ಸಾಲದು ಎಂಬುದು ಅವರ ನೆಪ. ಆಮೇಲೆ ಹಡಗಿನ ಯಜಮಾನರು ಸರಕು ನಷ್ಟವಾಯಿತೆಂದು ವಿಮೆಯ ಹಣ ಕೇಳಿದರು. ಲಂಡನ್ನಿನ ನ್ಯಾಯಾಲಯಕ್ಕೆ 1783ರಲ್ಲಿ ಬಂದದ್ದು ಕೊಲೆಯ ಕೇಸಲ್ಲ, ವಿಮೆಯ ಕೇಸು.

ಇದನ್ನು ಕೇಳಿದ ಮೇಲೆ ವಿಮೆಗೆ ಮನಸ್ಸಾಕ್ಷಿ ಇದೆ ಎಂದು ಯಾರೂ ಹೇಳಲಾರರು. ವಿಮೆ ಒಂದು ಪಾತ್ರೆ. ಹತ್ತು ಜನ ಸ್ವಲ್ಪ ಸ್ವಲ್ಪ ಹಾಕುತ್ತಾರೆ, ಕಷ್ಟ ಬಂದವನು ಅದರಿಂದ ತೆಗೆಯುತ್ತಾನೆ. ಯಾವುದನ್ನು ಕಷ್ಟ ಎನ್ನಬೇಕು, ಯಾರನ್ನು ಮನುಷ್ಯ ಎನ್ನಬೇಕು ಎಂದು ಆ ಪಾತ್ರೆ ನಿಶ್ಚಯಿಸುವುದಿಲ್ಲ, ನಾವು ನಿಶ್ಚಯಿಸಬೇಕು. ನಮ್ಮಲ್ಲಿ ಮುಯ್ಯಿ ಇಲ್ಲವೇ, ಕುರಿ ಇಲ್ಲವೇ? ಮದುವೆಗೆ ಕೊಟ್ಟ ಮುಯ್ಯಿ ಇನ್ನೊಂದು ಮದುವೆಯಲ್ಲಿ ತಿರುಗಿ ಬರುತ್ತದೆ. ವಿಮೆಯೂ ಮುಯ್ಯಿಯೇ, ಮುಖಪರಿಚಯ ಇಲ್ಲದವರ ಮುಯ್ಯಿ. ಕಂಪೆನಿ ಲಾಭಕ್ಕಾಗಿ ಅದನ್ನು ನಡೆಸುತ್ತದೆ ಎಂಬುದರಿಂದ ಅಕ್ಕನ ಆಪರೇಶನ್ನಿಗೆ ಅದರಿಂದ ಸಿಗಬಹುದಾಗಿದ್ದ ಹಣ ಕೆಟ್ಟದಾಗುವುದಿಲ್ಲ.

ಎರಡನೆಯ ಆಕ್ಷೇಪ, ವಿಮೆ ಮಾಡಿಸಿದ ಸಂಘ ಮೆತ್ತಗಾಗುತ್ತದೆ ಎಂಬುದು. ಮೊದಲು ಕಂಪೆನಿ ಒಪ್ಪುತ್ತದೆಯೋ ಎಂದು ನೋಡಿ, ಆಮೇಲೆ ಘೋಷಣೆ ಕೂಗುವ ಹಾಗಾದೀತು. ಕಂಪೆನಿ ಕೈ ಬಿಟ್ಟ ದಿನ ಹೋರಾಟವೂ ನಿಂತೀತು. ಈ ಮಾತು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಮಾಂಟ್‌ಗೊಮರಿಯಲ್ಲಿ ಕೊನೆಗೆ ಆದದ್ದೂ ಇದಕ್ಕೆ ಹತ್ತಿರದ್ದೇ. 1956ರ ನವೆಂಬರ್ 13ರಂದು ಅಲ್ಲಿಯ ನ್ಯಾಯಾಲಯ ಕಾರುಗಳ ವ್ಯವಸ್ಥೆಯನ್ನೇ ನಿಷೇಧಿಸಿತು. ಲಾಯ್ಡ್ಸಿನ ಪಾಲಿಸಿ ಆಗ ಯಾವ ಉಪಯೋಗಕ್ಕೂ ಬರಲಿಲ್ಲ. ಬಸ್ಸಿನಲ್ಲಿ ಬಣ್ಣ ನೋಡಿ ಕೂರಿಸುವುದು ಸಂವಿಧಾನಕ್ಕೆ ವಿರುದ್ಧವೆಂಬ ತೀರ್ಪನ್ನು ಅದೇ ದಿನ ಅಮೆರಿಕದ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆದರೆ ಆ ಆದೇಶ ಊರಿಗೆ ಮುಟ್ಟಲು ಡಿಸೆಂಬರ್ 20 ಆಯಿತು. ನಡುವಿನ ಆ ಐದು ವಾರ ಜನ ನಡೆದರು, ನೆರೆಕರೆಯವರು ತಮ್ಮ ತಮ್ಮೊಳಗೆ ಹೊಂದಿಸಿಕೊಂಡರು. ಬಸ್ಸು ಮಾತ್ರ ಹತ್ತಲಿಲ್ಲ.

ಆದ್ದರಿಂದ ಆಕ್ಷೇಪ ಮಾಡಿದವರು ಅರ್ಧ ಸರಿ. ಹೋರಾಟ ವಿಮೆಯ ಮೇಲೆ ನಿಂತರೆ ಅದು ಬೀಳುತ್ತದೆ. ಕಾಲಿನ ಮೇಲೆ ನಿಂತು, ಬಿದ್ದವರನ್ನು ಎತ್ತುವುದಕ್ಕೆ ವಿಮೆ ಇಟ್ಟುಕೊಂಡರೆ ಬೀಳುವುದಿಲ್ಲ. ನಮ್ಮ ಮಾತು ನ್ಯಾಯವೋ ಅಲ್ಲವೋ ಎಂಬುದನ್ನು ಏಜೆಂಟರ ಹತ್ತಿರ ಕೇಳಬಾರದು. ಅದು ನಿಶ್ಚಯವಾದ ಮೇಲೆ ಹೊರಡುವವರಿಗೆ ಏನು ಏರ್ಪಾಡು ಎಂದು ಅವರ ಹತ್ತಿರ ಕೇಳಲೇಬೇಕು.

ಮೂರನೆಯ ಆಕ್ಷೇಪ, ವಿಮೆ ಇದ್ದರೆ ಜವಾಬ್ದಾರಿ ಕಡಿಮೆಯಾಗುತ್ತದೆ, ಏನು ಮಾಡಿದರೂ ಕಂಪೆನಿ ಕೊಡುತ್ತದೆ ಎಂಬ ಧೈರ್ಯದಲ್ಲಿ ಹುಡುಗರು ಕಲ್ಲು ಹೊಡೆಯಬಹುದು ಎಂಬುದು. ಇಲ್ಲಿ ಕಾನೂನೇ ಒಂದು ಗೆರೆ ಎಳೆದಿದೆ. ಪ್ರತಿಭಟನೆಯಲ್ಲಿ ಸೊತ್ತು ನಾಶವಾದರೆ ಅದಕ್ಕೆ ಕರೆ ಕೊಟ್ಟವರನ್ನೂ ಹೊಣೆ ಮಾಡಬಹುದೆಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿತು. ಹರತಾಳಕ್ಕೆ ಏಳು ದಿನ ಮೊದಲೇ ನೋಟೀಸು ಕೊಡಬೇಕೆಂದು ಕೇರಳ ಹೈಕೋರ್ಟು 2019ರ ಜನವರಿಯಲ್ಲಿ ಆದೇಶ ಕೊಟ್ಟಿತು. ಬೇಕೆಂದೇ ಮಾಡಿದ ಅಪರಾಧಕ್ಕೆ ಯಾವ ವಿಮೆಯೂ ಇಲ್ಲ, ಇರಲೂಬಾರದು. ಕೈ ತಪ್ಪಿ ಆದದ್ದಕ್ಕೆ ವಿಮೆ. ಕೈ ಎತ್ತಿ ಮಾಡಿದ್ದಕ್ಕೆ ಜೈಲು.

ಕೈ ತಪ್ಪಿ ಆಗುವುದರಲ್ಲಿ ವಾಹನದ ಅಪಘಾತ ಮಾತ್ರ ಇಲ್ಲ, ಮಾತಿನ ಅಪಘಾತವೂ ಇದೆ. ಮಾಂಟ್‌ಗೊಮರಿಯದ್ದೇ ಇನ್ನೊಂದು ಕಥೆ ಕೇಳಿ. 1960ರ ಮಾರ್ಚ್ 29ರಂದು ಕಿಂಗ್ ಅವರ ಕೇಸಿಗೆ ಹಣ ಕೂಡಿಸಲು ಒಂದು ಸಮಿತಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಪೂರ್ಣ ಪುಟದ ಜಾಹೀರಾತು ಹಾಕಿತು. ಅದರಲ್ಲಿ ಕೆಲವು ಸಣ್ಣ ತಪ್ಪುಗಳಿದ್ದವು. ಪಟ್ಟಣದ ಪೊಲೀಸ್ ವ್ಯವಸ್ಥೆಯ ಮೇಲ್ವಿಚಾರಕರಾಗಿದ್ದ ಎಲ್. ಬಿ. ಸಲಿವನ್ ಎಂಬವರು ಮಾನನಷ್ಟದ ದಾವೆ ಹಾಕಿದರು. ಜೂರಿ 5 ಲಕ್ಷ ಡಾಲರ್ ಕೊಡಬೇಕೆಂದಿತು. ದಾವೆಯಲ್ಲಿ ಪತ್ರಿಕೆಯ ಜೊತೆಗೆ ನಾಲ್ವರು ಪಾದ್ರಿಗಳೂ ಇದ್ದರು. ಜಾಹೀರಾತಿನಲ್ಲಿ ಅವರ ಹೆಸರು ಹಾಕುವಾಗ ಅವರನ್ನು ಯಾರೂ ಕೇಳಿರಲೇ ಇಲ್ಲ. ಮೇಲಿನ ಕೋರ್ಟಿನ ತೀರ್ಪು ಬರುವ ಮೊದಲೇ ಅವರ ಕಾರುಗಳನ್ನು ಜಪ್ತಿ ಮಾಡಿ ಏಲಂ ಮಾಡಿದರು. 1964ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಇವತ್ತು ಅದು ವಾಕ್‌ಸ್ವಾತಂತ್ರ್ಯದ ದೊಡ್ಡ ತೀರ್ಪು. ಆದರೆ ನಾಲ್ಕು ವರ್ಷ ಆ ನಾಲ್ವರ ಮನೆಯಲ್ಲಿ ಏನಿತ್ತು ಎಂದು ಯೋಚಿಸಿ.

ನಮ್ಮ ಸಣ್ಣ ಸಮಿತಿಗಳಲ್ಲೂ ಇದೇ ಆಗುತ್ತದೆ. ನೋಟೀಸಿನ ಅಡಿಯಲ್ಲಿ ಹತ್ತು ಹೆಸರು ಹಾಕುತ್ತೇವೆ, ಐದು ಜನರ ಒಪ್ಪಿಗೆಯನ್ನೂ ಕೇಳಿರುವುದಿಲ್ಲ. "ಅವರು ನಮ್ಮವರೇ ಅಲ್ವಾ" ಎನ್ನುತ್ತೇವೆ. ಸಮಿತಿಯನ್ನು ನೋಂದಣಿಯೂ ಮಾಡಿಸುವುದಿಲ್ಲ. ನಮ್ಮ ಮಲಬಾರು ಭಾಗಕ್ಕೆ 1860ರ ಸಂಘಗಳ ನೋಂದಣಿ ಕಾಯಿದೆ ಅನ್ವಯಿಸುತ್ತದೆ, ಏಳು ಜನ ಸೇರಿದರೆ ನೋಂದಣಿ ಮಾಡಿಸಬಹುದು. ಮಾಡಿಸಿದರೆ ಸಂಘದ ಮೇಲೆ ಆದ ತೀರ್ಪನ್ನು ಪದಾಧಿಕಾರಿಯ ಸ್ವಂತ ಸೊತ್ತಿನಿಂದ ವಸೂಲು ಮಾಡುವಂತಿಲ್ಲ, ಸಂಘದ ಸೊತ್ತಿನಿಂದ ಮಾತ್ರ. ನೋಂದಣಿ ಇಲ್ಲದಿದ್ದರೆ ಈ ರಕ್ಷಣೆ ಇಲ್ಲ. ಯಾರ ಹೆಸರಿನಲ್ಲಿ ಎರಡು ಅಡಿಕೆ ಮರ ಉಂಟೋ ಅವರ ಮನೆಗೇ ಅಮೀನ ಬರುವುದು. ಆದರೆ ನಾನೇ ಬಾಯಿ ಬಿಟ್ಟು ಒಬ್ಬನ ಬಗ್ಗೆ ಸುಳ್ಳು ಹೇಳಿದರೆ ನೋಂದಣಿ ನನ್ನನ್ನು ಉಳಿಸುವುದಿಲ್ಲ. ಅದು ನ್ಯಾಯವೇ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಜಿಲ್ಲೆಯದ್ದೇ ಮಾತು ಬಾರದೆ ಹೋಗುವುದಿಲ್ಲ. ಎಣ್ಮಕಜೆಯಂಥ ಊರುಗಳ ಗೇರು ತೋಟಗಳ ಮೇಲೆ ಎರಡು ದಶಕಕ್ಕಿಂತ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಪಡ್ರೆಯ ವೈದ್ಯರು, ಬರಹಗಾರರು ದನಿ ಎತ್ತಿದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. 2000ದ ಹೊತ್ತಿಗೆ ಆಕಾಶದಿಂದ ಸುರಿಯುವುದು ನಿಂತಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶ ಕೊಟ್ಟಿತು. ಎಲ್ಲರಿಗೆ ಮುಟ್ಟಲು ಮತ್ತೂ ವರ್ಷಗಳೇ ಹಿಡಿದವು.

ಆ ಹೋರಾಟದ ತಿರುಳು ಏನು? ವಿಷ ಕೆಟ್ಟದು ಎಂಬುದು ಒಂದು. ಅದಕ್ಕಿಂತ ಆಳದಲ್ಲಿ ಇನ್ನೊಂದಿದೆ. ನಮ್ಮನ್ನು ಕೇಳದೆ ನಮ್ಮ ಮೇಲೆ ಅಪಾಯ ಹಾಕಲು ನೀವು ಯಾರು? ಲಾಭ ನಿಮಗೆ, ರೋಗ ನಮಗೆ, ಇದು ಯಾವ ಲೆಕ್ಕ? ಕೋರೆಯವರ ಹತ್ತಿರ ನಾವು ಕೇಳಿದ್ದೂ ಇದನ್ನೇ. ಹಾಗೆ ಕೇಳುವ ನಾವೇ ಅಕ್ಕನನ್ನು ಕೇಳದೆ ಅವರ ಮೇಲೆ ಅಪಾಯ ಹಾಕಿದೆವು. ಮಾಲೆ ನಮಗೆ ಬಿತ್ತು, ಪೆಟ್ಟು ಅವರಿಗೆ. ಪ್ರಮಾಣದಲ್ಲಿ ಎರಡಕ್ಕೂ ಹೋಲಿಕೆ ಇಲ್ಲ, ಒಪ್ಪುತ್ತೇನೆ. ಆದರೆ ತಪ್ಪಿನ ಜಾತಿ ಒಂದೇ.

ಇದು ಅರ್ಥವಾದ ಮೇಲೆ ಮೊದಲ ಪ್ರಶ್ನೆಗೆ ನನ್ನ ಉತ್ತರ ಸರಳ. ಸಂಘದ ನಾಯಕ ತನ್ನ ಪಾಲಿನ ವಿಮೆಯನ್ನು ಬೇಕಾದರೆ ಬಿಡಲಿ, ಮನೆಯವರನ್ನು ಕೇಳಿ ಬಿಡಲಿ. ಕರೆದುಕೊಂಡು ಹೋಗುವವರ ಪಾಲಿನದ್ದನ್ನು ಬಿಡಲು ಅವನಿಗೆ ಅಧಿಕಾರವಿಲ್ಲ. ಬಡ ಸಂಘ, ಹಣವಿಲ್ಲ ಎಂಬುದು ನಿಜವಾದ ಕಷ್ಟ. ಬ್ಯಾನರಿಗೆ, ಮೈಕಿಗೆ, ಚಾಗೆ ಹಣ ಹೊಂದಿಸುವ ನಾವು ಇದಕ್ಕೂ ಹೊಂದಿಸಬೇಕು. ಹೊಂದಿಸಲು ಆಗದಿದ್ದರೆ, "ಇಂತಿಂಥ ಅಪಾಯ ಉಂಟು, ನಮ್ಮ ಹತ್ತಿರ ಏನೂ ಏರ್ಪಾಡಿಲ್ಲ, ಬರುವವರು ಬನ್ನಿ" ಎಂದು ಸತ್ಯವನ್ನಾದರೂ ಹೇಳಬೇಕು. ಅದಕ್ಕೆ ಒಂದು ಪೈಸೆಯೂ ಬೇಡ.

ಬೇರೆ ಊರಿನ ಸಂಘಗಳಿಗೆ ಉಪಯೋಗವಾಗಬಹುದೆಂದು ನಾವು ಈಗ ಮಾಡಿಕೊಂಡದ್ದನ್ನು ಬರೆಯುತ್ತೇನೆ. ಸಮಿತಿಯನ್ನು ನೋಂದಣಿ ಮಾಡಿಸಿದೆವು. ಜನರನ್ನು ಕರೆದುಕೊಂಡು ಹೋಗುವುದಿದ್ದರೆ ಹಳದಿ ಬೋರ್ಡಿನ ಟ್ಯಾಕ್ಸಿ ಜೀಪನ್ನೇ ಬಾಡಿಗೆಗೆ ಹಿಡಿಯುತ್ತೇವೆ, ಅದರಲ್ಲಿ ಪ್ರಯಾಣಿಕರಿಗೂ ವಿಮೆ ಕಡ್ಡಾಯ. ಹತ್ತುವ ಮೊದಲು ಪಾಲಿಸಿಯ ತಾರೀಕು ನೋಡುತ್ತೇವೆ, ಎಷ್ಟು ಜನರಿಗೆ ಪರ್ಮಿಟ್ ಉಂಟೋ ಅಷ್ಟೇ ಜನ ಹತ್ತುತ್ತಾರೆ. 18ರಿಂದ 70 ವಯಸ್ಸಿನ ಸದಸ್ಯರೆಲ್ಲ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಿದ್ದಾರೆ. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ 2 ಲಕ್ಷ, ಒಂದು ಕಣ್ಣು, ಕೈ ಅಥವಾ ಕಾಲು ಹೋದರೆ 1 ಲಕ್ಷ ಸಿಗುತ್ತದೆ. ಆದರೆ ಎಲುಬು ಮುರಿದು ಆಸ್ಪತ್ರೆಯಲ್ಲಿ ಮಲಗಿದರೆ ಅದರಿಂದ ಖರ್ಚು ಸಿಗುವುದಿಲ್ಲ, ಇದನ್ನು ನೆನಪಿಡಬೇಕು. ಅದಕ್ಕಾಗಿ ಗುಂಪಿನ ಅಪಘಾತ ವಿಮೆ ನೋಡುತ್ತಿದ್ದೇವೆ, ಆಸ್ಪತ್ರೆ ಖರ್ಚು ಸೇರಿದ್ದು. ವಿಮೆಗಾಗಿಯೇ ಗುಂಪು ಕಟ್ಟುವಂತಿಲ್ಲ, ಮೊದಲೇ ಇರುವ ಸಂಘವಾಗಿರಬೇಕು. ನೋಟೀಸಿನಲ್ಲಿ ಯಾರದ್ದೇ ಹೆಸರು ಹಾಕುವುದಿದ್ದರೆ ನಿರ್ಣಯ ಪುಸ್ತಕದಲ್ಲಿ ಅವರ ಸಹಿ ಇರಬೇಕು. ಇದರ ಜೊತೆಗೆ ಪ್ರತಿ ಮನೆಯಿಂದ ತಿಂಗಳಿಗೆ 10 ರೂಪಾಯಿ ಎತ್ತಿ ಒಂದು ನಿಧಿ ಮಾಡಿದ್ದೇವೆ, ಕಂಪೆನಿ ಕೈ ಬಿಟ್ಟ ದಿನಕ್ಕೆ.

ಆ ನಿಧಿಯ ಮೊದಲ ಹಣ ಅಕ್ಕನಿಗೇ ಕೊಡುವುದೆಂದು ತೀರ್ಮಾನವಾಯಿತು. ನಾನೇ ಕೊಂಡುಹೋದೆ. ಸಭೆಯಲ್ಲಿ ನಕ್ಕದ್ದು ನನ್ನ ತಪ್ಪು ಎಂದೆ. ಅವರಿಗೆ ಆ ನಗೆಯ ವಿಷಯವೇ ಗೊತ್ತಿರಲಿಲ್ಲ, ಆ ಸಭೆಗೆ ಅವರು ಬಂದಿರಲಿಲ್ಲ. ಬೀಡಿ ಲೆಕ್ಕ ಕೊಡಲಿಕ್ಕಿತ್ತಂತೆ. ಹಣವನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು, "ಇನ್ನು ಕಾಸರಗೋಡಿಗೆ ಯಾವಾಗ ಹೋಗ್ಲಿಕ್ಕುಂಟು ಮಾಷ್ಟ್ರೇ?" ಎಂದು ಕೇಳಿದರು.

"ಬರುವ ತಿಂಗಳು. ನೀವು ಬರುವುದು ಬೇಡ" ಎಂದೆ.

"ಅದನ್ನು ಹೇಳುವುದು ನೀವಾ? ಬಾವಿ ನನ್ನದು ಕೂಡ ಬತ್ತಿದ್ದು. ಈ ಸಲದ ಜೀಪಿಗೆ ಎಲ್ಲ ಸರಿ ಉಂಟಲ್ಲ? ಹಾಗಾದರೆ ನಾನು ಮುಂದಿನ ಸೀಟಿನಲ್ಲಿ ಕೂರ್ತೇನೆ" ಎಂದರು.

ಈ ಸಲ ಅವರಿಗೆ ಅಪಾಯ ಏನೆಂದು ಗೊತ್ತಿದೆ. ಕೇಳಬೇಕಾದ್ದನ್ನು ಕೇಳಿಯೇ ಹೊರಡುತ್ತಿದ್ದಾರೆ. ಅವರನ್ನು ತಡೆಯುವ ಅಧಿಕಾರ ನನಗಿಲ್ಲ. ಮುಂದಿನ ಸೀಟನ್ನು ಅವರ ಹೆಸರಿಗೆ ಬರೆದಿಟ್ಟಿದ್ದೇನೆ.